ಫಿಫಾ ಬ್ಯಾನ್, ಫೆಡರೇಷನ್ ಜಗಳ: ವಕೀಲರನ್ನು ಕೇಳಿ

ಅಡ್ಮಿನ್, ಬಳ್ಳಾರಿ: 'ಭಾರತವನ್ನು ಫಿಫಾ ಬ್ಯಾನ್ ಮಾಡಿದೆ' ಅನ್ನೋ ಫಾರ್ವರ್ಡ್ ನಿನ್ನೆಯಿಂದ ಗುಂಪಿನಲ್ಲಿ ಸುತ್ತುತ್ತಿದೆ. ಫಿಫಾ ಅಂದರೆ ಜಗತ್ತಿನ ಫುಟ್ಬಾಲ್ ನಡೆಸುವ ಸಂಸ್ಥೆ. ಕ್ರೀಡಾ ಸಂಘಗಳ ಕೇಸು ನಡೆಸುವ ನಮ್ಮ ವಕೀಲರು ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಕ್ರಿಕೆಟ್ ಪ್ರಶ್ನೆ ಬೇಡ.

ಕೌಲ್ ಬಜಾರ್: ಸರ್, ಬ್ಯಾನ್ ನಿಜಾನಾ?

ವಕೀಲರು: ಅದು 2022ರ ಸುದ್ದಿ. ದಿನಾಂಕ ಕತ್ತರಿಸಿ ಮತ್ತೆ ಬಿಟ್ಟಿದ್ದಾರೆ. ಆಗ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್‌ನವರ ಅವಧಿ ಮುಗಿದಿತ್ತು, ಚುನಾವಣೆ ಮಾತ್ರ ನಡೆದಿರಲಿಲ್ಲ. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆಡಳಿತ ಸಮಿತಿ ಕೂರಿಸಿತು. ಫೆಡರೇಷನ್ ಆಡಳಿತದಲ್ಲಿ ಹೊರಗಿನವರ ಕೈ ಬಂತು ಅಂತ ಫಿಫಾ ಆಗಸ್ಟ್ 15ರ ರಾತ್ರಿ ಅಮಾನತು ಮಾಡಿತು. ಸಮಿತಿಯನ್ನು ಕೋರ್ಟ್ ತೆಗೆದ ಮೇಲೆ 26ಕ್ಕೆ ಅಮಾನತೂ ಹೋಯಿತು. ಅಷ್ಟರಲ್ಲೇ ತಾಷ್ಕೆಂಟ್ ತನಕ ಹೋಗಿದ್ದ ಗೋಕುಲಂ ಕೇರಳ ಕ್ಲಬ್ಬಿನ ಹೆಣ್ಣುಮಕ್ಕಳು ಒಂದು ಪಂದ್ಯವನ್ನೂ ಆಡದೆ ವಾಪಸ್ ಬರಬೇಕಾಯಿತು.

ಕೊಪ್ಪಳ: ಸರ್, ರೆಫರಿ ಪರೀಕ್ಷೆಗೆ ವಯಸ್ಸು ಎಷ್ಟಿರಬೇಕು?

ಸಿರುಗುಪ್ಪ: ಸರ್ಕಾರವೇ ಫೆಡರೇಷನ್ ವಹಿಸಿಕೊಂಡರೆ ಸರಿಹೋಗುತ್ತೆ ಅಲ್ವಾ? 'ಹತ್ತು ಗುಂಪಿಗೆ ಕಳಿಸಿ, ದೆಹಲಿಗೆ ಮುಟ್ಟುತ್ತದೆ' ಅಂತ ಮೆಸೇಜ್ ಬಂದಿದೆ.

ವಕೀಲರು: ಆ ಮದ್ದೇ ರೋಗ. ಸರ್ಕಾರ ಕೈ ಹಾಕಿತು ಅಂತಲೇ 2023ರ ಜನವರಿಯಲ್ಲಿ ಶ್ರೀಲಂಕಾ ಹೊರಬಿತ್ತು. ಆ ವರ್ಷ ಬೆಂಗಳೂರಿನ ಕಂಠೀರವದಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕಪ್ ನಡೆದಾಗ ಅವರು ಬರಲೇ ಇಲ್ಲ. ಹತ್ತು ಗುಂಪಿಗೆ ಕಳಿಸಬೇಡಿ. ಒಂದಕ್ಕೂ ಬೇಡ.

ರಾಯಚೂರು: ಬ್ಯಾನ್ ಆಗಿದ್ದಕ್ಕೇ ನಮ್ಮ ರ‍್ಯಾಂಕ್ ಬಿದ್ದಿದ್ದಾ?

ವಕೀಲರು: ಸೋತಿದ್ದಕ್ಕೆ ಬಿದ್ದಿದ್ದು. 1996ರ ಫೆಬ್ರವರಿಯಲ್ಲಿ 94, 2025ರ ಜುಲೈನಲ್ಲಿ 133.

ಸಂಡೂರು: ಸರ್, ನನ್ನ ಮಗನಿಗೆ 15 ವರ್ಷ, ಚೆನ್ನಾಗಿ ಆಡುತ್ತಾನೆ. ಒಬ್ಬರು ಏಜೆಂಟ್ ಸಿಕ್ಕಿದ್ದಾರೆ. ಭಾರತ ಬ್ಯಾನ್ ಆದರೆ ಇಲ್ಲಿ ಫುಟ್ಬಾಲೇ ಇರಲ್ಲ, ಈಗಲೇ ಪೋರ್ಚುಗಲ್ ಕ್ಲಬ್ಬಿಗೆ ಸೇರಿಸಿದರೆ ಮುಂದೆ ಆ ದೇಶಕ್ಕೇ ಆಡಬಹುದು ಅನ್ನುತ್ತಾರೆ. ಎರಡು ಲಕ್ಷ ಕೇಳಿದ್ದಾರೆ. ಕೊಡಬಹುದಾ?

ವಕೀಲರು: ಅಕ್ಕಾ, ಸ್ವಲ್ಪ ತಡೆಯಿರಿ. ದುಡ್ಡು ಕೊಡಬೇಡಿ. ಉಳಿದವರ ಪ್ರಶ್ನೆ ಆಮೇಲೆ ನೋಡುತ್ತೇನೆ.

ಮೊದಲು ಬ್ಯಾನ್ ಮಾತು. ಅಮಾನತಾದರೆ ನಿಲ್ಲುವುದು ಹೊರದೇಶದ ಪಂದ್ಯ. ಊರಿನ ಫುಟ್ಬಾಲ್ ನಿಲ್ಲುವುದಿಲ್ಲ. 2022ರಲ್ಲಿ ಅಮಾನತಿನ ಮಾರನೇ ದಿನವೇ ನಮ್ಮ ದೇಶದ್ದೇ ಟೂರ್ನಿ ಡುರಾಂಡ್ ಕಪ್ ಶುರುವಾಯಿತು. ಆ ಸಲ ಕಪ್ ಎತ್ತಿದ್ದು ನಮ್ಮ ಬೆಂಗಳೂರು ಎಫ್‌ಸಿ.

ಎರಡನೆಯದು ಇನ್ನೂ ಮುಖ್ಯ. 18 ತುಂಬದ ಹುಡುಗನನ್ನು ಬೇರೆ ದೇಶದ ಕ್ಲಬ್ಬಿಗೆ ವರ್ಗ ಮಾಡಲು ಫಿಫಾ ಬಿಡುವುದಿಲ್ಲ. ಕೆಲವು ವಿನಾಯಿತಿ ಇವೆ. ಅಪ್ಪ-ಅಮ್ಮ ಫುಟ್ಬಾಲ್ ಬಿಟ್ಟು ಬೇರೆ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಆಗುತ್ತದೆ. ನೀವು ಸಂಡೂರಿನಲ್ಲೇ ಇದ್ದೀರಿ. 16 ಆದರೆ ಸಾಕು ಅನ್ನೋ ನಿಯಮ ಯುರೋಪ್ ಒಕ್ಕೂಟದ ಒಳಗೇ ಕ್ಲಬ್ ಬದಲಿಸುವವರಿಗೆ. ಏಜೆಂಟರು ನಿಮಗೆ ಅದನ್ನೇ ಅರ್ಧ ಓದಿ ಹೇಳಿರಬೇಕು. ಇನ್ನು ಪೋರ್ಚುಗಲ್‌ಗೆ ಆಡಲು ಅಲ್ಲಿನ ಪೌರತ್ವ ಬೇಕು. ಕ್ಲಬ್ಬಿನ ಜೆರ್ಸಿ ಹಾಕಿದ ಮಾತ್ರಕ್ಕೆ ಅದು ಬರುವುದಿಲ್ಲ.

ಏಜೆಂಟ್ ಆಗಬೇಕಾದರೆ ಫಿಫಾ ಪರೀಕ್ಷೆ ಪಾಸಾಗಿ ಲೈಸೆನ್ಸ್ ತೆಗೆದುಕೊಳ್ಳಬೇಕು. ಲೈಸೆನ್ಸ್ ಇದ್ದವರ ಹೆಸರು ಫಿಫಾ ವೆಬ್‌ಸೈಟಿನಲ್ಲಿ ಸಿಗುತ್ತದೆ. ನಿಮ್ಮವರ ಹೆಸರು ಅಲ್ಲಿದೆಯಾ ನೋಡಿದ್ದೀರಾ? ಏನಾದರೂ ಕಾಗದಕ್ಕೆ ಸಹಿ ಹಾಕಿದ್ದೀರಾ?

ಹೊಸಪೇಟೆ: ಸರ್, 1950ರಲ್ಲಿ ಬರಿಗಾಲಲ್ಲಿ ಆಡಲು ಫಿಫಾ ಬಿಡಲಿಲ್ಲ ಅಂತ ತಾನೇ ಭಾರತಕ್ಕೆ ವಿಶ್ವಕಪ್ ತಪ್ಪಿದ್ದು?

ವಕೀಲರು: ಅಲ್ಲ. ದೂರದ ಪ್ರಯಾಣ, ತಯಾರಿ ಸಾಲದು, ಒಲಿಂಪಿಕ್ಸೇ ದೊಡ್ಡದು ಅನ್ನೋ ಲೆಕ್ಕ. ಇದನ್ನು ಹೋದ ತಿಂಗಳೂ ಬರೆದಿದ್ದೆ.

ಸಿರುಗುಪ್ಪ: ನಮ್ಮ ಸುಪ್ರೀಂ ಕೋರ್ಟಿಗಿಂತ ಸ್ವಿಟ್ಜರ್ಲೆಂಡಿನ ಫಿಫಾದವರು ದೊಡ್ಡವರಾ? ಇದು ಗುಲಾಮಗಿರಿ ಅಲ್ದೆ ಇನ್ನೇನು?

ಹೊಸಪೇಟೆ: ಅವರ ಅಂಗಳದಲ್ಲಿ ಆಡಬೇಕು ಅಂದ್ರೆ ಅವರ ನಿಯಮ ಕೇಳಬೇಕಪ್ಪಾ. 211 ದೇಶ ಕೇಳುತ್ತಿವೆ.

ಸಿರುಗುಪ್ಪ: ನಿಯಮದ ಮಾತು ನೀವು ಆಡಬೇಡಿ. ಹೋದ ದಸರಾ ಪಂದ್ಯಕ್ಕೆ 23 ವರ್ಷದವನನ್ನು 19 ಅಂತ ಇಳಿಸಿದ್ದು ಯಾರು?

ಹೊಸಪೇಟೆ: ಆಧಾರ್ ತೋರಿಸಿದ್ದೆವಲ್ಲ ರೀ!

ಸಿರುಗುಪ್ಪ: ಮೀಸೆಯೂ ತೋರಿಸಿದ್ದಿರಿ.

ಅಡ್ಮಿನ್, ಬಳ್ಳಾರಿ: ಇಬ್ಬರೂ ಸುಮ್ನಿರಿ.

ಕೊಪ್ಪಳ: ರೆಫರಿ ಪರೀಕ್ಷೆ ಸರ್...

ಕಂಪ್ಲಿ: ಸರ್, ಭಾರತ ಬ್ಯಾನ್ ಆಗಿದೆಯಂತೆ, ನಿಜಾನಾ?

ವಕೀಲರು: ಮೇಲೆ ಓದಿ.

ಕಂಪ್ಲಿ: ಒಂದು ಮಾತಲ್ಲಿ ಹೇಳಿದ್ರೆ ಏನು ಗಂಟು ಹೋಗುತ್ತೆ?

ವಕೀಲರು: ಇಲ್ಲ. ಒಂದೇ ಮಾತು. ಸಂಡೂರಿನ ಅಕ್ಕಾ, ಇದ್ದೀರಾ? ಸಹಿ ಬಗ್ಗೆ ಕೇಳಿದ್ದೆ.

ಸಂಡೂರು: ಬಸ್ಸಿನಲ್ಲಿದ್ದೆ ಸರ್. ಸಹಿ ಹಾಕಿಲ್ಲ. ಮುಂಗಡ 40 ಸಾವಿರ ಕೊಟ್ಟಾಗಿದೆ.

ವಕೀಲರು: ರಸೀದಿ?

ಸಂಡೂರು: ಫೋನ್‌ಪೇ ಮಾಡಿದ್ದು ಸರ್. ಅದು ಇದೆ.

ವಕೀಲರು: ಅಳಿಸಬೇಡಿ. ಮಗನ ಪಾಸ್‌ಪೋರ್ಟ್ ಮನೆಯಲ್ಲೇ ಇದೆ ತಾನೇ?

ಸಂಡೂರು: ವೀಸಾಕ್ಕೆ ಬೇಕು ಅಂತ ಅವರೇ ಇಟ್ಟುಕೊಂಡಿದ್ದಾರೆ.

ವಕೀಲರು: ಇಲ್ಲಿ ಇನ್ನೇನೂ ಬರೆಯಬೇಡಿ. ಅಡ್ಮಿನ್ ಹತ್ತಿರ ನನ್ನ ನಂಬರ್ ಇದೆ, ಬಸ್ ಇಳಿದ ತಕ್ಷಣ ಫೋನ್ ಮಾಡಿ.