ಸ್ಕ್ರಿಪ್ಟ್ ಓಡಿಸಿದರೆ ಫೋಟೊ ಹೆಸರಿನಲ್ಲಿ ‘ಬಾದಾಮಿ’ ಬದಲು ಕಸ ಬರುತ್ತಿದೆ

ಪ್ರಶ್ನೆ (ಬಾಗಲಕೋಟೆಯಿಂದ)

ನಮಸ್ಕಾರ್ರೀ ಎಲ್ಲರಿಗೂ. ಬಾದಾಮಿ, ಐಹೊಳೆ, ಪಟ್ಟದಕಲ್ಲು ಫೋಟೊಗಳನ್ನು ಊರಿಗೊಂದು ಫೋಲ್ಡರ್ ಮಾಡಿ ಇಟ್ಟಿದ್ದೇನೆ. ಕ್ಯಾಮೆರಾ ಕೊಡುವ ಹೆಸರು ಡಿಎಸ್‌ಸಿ_0412 ಅಂತ ಇರುತ್ತೆ. ಅದರ ಶುರುವಿಗೆ ‘ಬಾದಾಮಿ_’ ಸೇರಿಸಲು ನೋಟ್‌ಪ್ಯಾಡ್‌ನಲ್ಲಿ ಪವರ್‌ಶೆಲ್ (ವಿಂಡೋಸ್‌ನಲ್ಲಿ ಕಮಾಂಡ್ ಓಡಿಸುವ ಪ್ರೋಗ್ರಾಂ) ಓಡಿಸುವಂಥ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಓಡಿಸಿದರೆ ಬಾದಾಮಿ ಇರಬೇಕಾದ ಕಡೆ ತಲೆ ಮೇಲೆ ಗೀರು ಇರುವ ಇಂಗ್ಲಿಷ್ ‘ಎ’, ಪಕ್ಕದಲ್ಲಿ ಪುಟ್ಟ 2, ಆಮೇಲೆ ಯಾವುದೋ ಚಿಹ್ನೆ. ಇದೇ ಸಾಲಾಗಿ ಬರುತ್ತಿದೆ. ಕೆಲವು ಫೈಲ್‌ಗಳಿಗಂತೂ ಅದು ಮತ್ತೆ ಮತ್ತೆ ಅಂಟಿಕೊಂಡು ಹೆಸರು ತೀರಾ ಉದ್ದ ಅಂತ ಎರರ್. ವಿಂಡೋಸ್‌ಗೆ ಕನ್ನಡ ಹೆಸರು ಆಗಿಬರಲ್ವಾ?

ಉತ್ತರ (ಬೆಳಗಾವಿಯಿಂದ)

ಆಗಿಬರುತ್ತೆ ಸರ್, ಬೇಕಿದ್ದರೆ ಒಂದು ಫೈಲಿಗೆ ಕೈಯಾರೆ ಕನ್ನಡ ಹೆಸರು ಕೊಟ್ಟು ನೋಡಿ. ತೊಂದರೆ ಇರುವುದು ಸ್ಕ್ರಿಪ್ಟ್ ಸೇವ್ ಆಗಿರುವ ರೀತಿಯಲ್ಲಿ. ಈಗಿನ ನೋಟ್‌ಪ್ಯಾಡ್ ಸುಮ್ನೆ ಸೇವ್ ಮಾಡಿದರೆ ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟ್‌ಗಳಾಗಿ ಬರೆಯುವ ವಿಧಾನ) ಆಗುತ್ತೆ, ಆದರೆ ಬಿಓಎಂ, ಅಂದರೆ ಇದು ಯುಟಿಎಫ್-8 ಅಂತ ಫೈಲಿನ ಶುರುವಿನಲ್ಲೇ ಹೇಳುವ ಗುರುತು ಇರಲ್ಲ. ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1 ಆ ಗುರುತು ಕಾಣದಿದ್ದರೆ ಹಳೇ ಕಾಲದ ಕೋಡ್‌ಪೇಜ್‌ನಲ್ಲೇ (ಒಂದು ಬೈಟಿಗೆ ಒಂದು ಅಕ್ಷರ ಅನ್ನೋ ಪಟ್ಟಿ) ಓದುತ್ತೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಗೆ ಮೂರು ಬೈಟ್. ‘ಬಾದಾಮಿ’ಯಲ್ಲಿ ಇಳಿ, ಗುಡಿಸು ಸೇರಿ ಆರು ಕೋಡ್, ಅಂದರೆ 18 ಬೈಟ್. ಪವರ್‌ಶೆಲ್ ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಅಂದುಕೊಳ್ಳುತ್ತೆ. ಎಣಿಸಿ ನೋಡಿ, ನಿಮ್ಮ ಕಸವೂ 18 ಇರುತ್ತೆ.

‘ಸೇವ್ ಆ್ಯಸ್’ಗೆ ಹೋಗಿ, ಎನ್‌ಕೋಡಿಂಗ್‌ನಲ್ಲಿ ‘ಯುಟಿಎಫ್-8 ವಿತ್ ಬಿಓಎಂ’ ಆರಿಸಿ. ಓಡಿಸುವಾಗ ಕಪ್ಪು ವಿಂಡೋದಲ್ಲಿ ಕನ್ನಡದ ಬದಲು ಚೌಕ ಕಂಡರೆ ಹೆದರಬೇಡಿ, ಅದು ಫಾಂಟ್ ಸಮಸ್ಯೆ. ಫೋಲ್ಡರ್ ತೆರೆದು ನೋಡಿ.

ಮತ್ತೆ ಮತ್ತೆ ಅಂಟುವುದು ಬೇರೆಯೇ ರೋಗ. ‘ಗೆಟ್-ಚೈಲ್ಡ್‌ಐಟಮ್’ ಒಂದೊಂದೇ ಫೈಲ್ ಕೊಡುತ್ತಾ ಹೋಗುತ್ತೆ, ‘ರಿನೇಮ್-ಐಟಮ್’ ಅಷ್ಟರಲ್ಲೇ ಹೆಸರು ಬದಲಿಸಿರುತ್ತೆ. ಹೊಸ ಹೆಸರಿನ ಫೈಲ್ ಮತ್ತೆ ಪಟ್ಟಿಗೆ ಸೇರುತ್ತೆ. ಮೊದಲ ಕಮಾಂಡನ್ನು ಪೂರ್ತಿ ಆವರಣ ಚಿಹ್ನೆ ( ) ಒಳಗೆ ಹಾಕಿ, ಪಟ್ಟಿ ಮುಗಿದ ಮೇಲೇ ಹೆಸರಿಡಲು ಶುರುವಾಗುತ್ತೆ. ಜೊತೆಗೆ ಕೊನೆಯಲ್ಲಿ ‘-ವಾಟ್‌ಇಫ್’ ಸೇರಿಸಿ ಒಮ್ಮೆ ಓಡಿಸಿ. ಏನಾಗುತ್ತದೆ ಅಂತ ತೋರಿಸುತ್ತೆ, ಯಾವ ಫೈಲನ್ನೂ ಮುಟ್ಟಲ್ಲ.

ಈಗಾಗಲೇ ಕೆಟ್ಟಿರುವ ಹೆಸರುಗಳಲ್ಲಿ ಡಿಎಸ್‌ಸಿ ಭಾಗ ಉಳಿದಿದೆ ಅಲ್ವಾ? ‘-ರಿಪ್ಲೇಸ್’ ಬಳಸಿ ಅದಕ್ಕಿಂತ ಮುಂಚಿನದನ್ನೆಲ್ಲ ತೆಗೆದುಹಾಕಿ.

ಪ್ರಶ್ನೆ ಕೇಳಿದವರು

ಸರಿಹೋಯ್ತು ಸರ್, ಎಣಿಸಿದೆ, 18 ಇದ್ದವು! ಇನ್ನೊಂದು. ತಮ್ಮನ ಕ್ಯಾಮೆರಾದ ಫೋಟೊಗಳನ್ನೂ ಸೇರಿಸಿ ತೆಗೆದ ಹೊತ್ತಿನ ಪ್ರಕಾರ ಸಾಲಾಗಿ ಇಡಬೇಕು. ಫೈಲ್ ದಿನಾಂಕ ನಂಬಿದರೆ ಕಾಪಿ ಮಾಡಿದ ದಿನ ಬರುತ್ತಿದೆ.

ಉತ್ತರ (ವಿಜಯಪುರದಿಂದ)

ಫೈಲ್ ದಿನಾಂಕ ಬಿಟ್ಟುಬಿಡಿ. ಫೋಟೊ ತೆಗೆದ ಹೊತ್ತು ಎಕ್ಸಿಫ್‌ನಲ್ಲಿ (ಕ್ಯಾಮೆರಾ ಫೋಟೊ ಫೈಲಿನೊಳಗೇ ಬರೆದಿಡುವ ಮಾಹಿತಿ) ಇರುತ್ತೆ, ‘ಎಕ್ಸಿಫ್‌ಟೂಲ್’ ಅನ್ನೋ ಉಚಿತ ಪ್ರೋಗ್ರಾಂ ಅದನ್ನು ಓದಿ ಹೆಸರಿಗೆ ಹಾಕುತ್ತೆ. ಹೊತ್ತಿನ ನಡುವೆ ಕೋಲನ್ ಇರಬಾರದು, ವಿಂಡೋಸ್ ಒಪ್ಪಲ್ಲ. ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು ಇದೇ ಕ್ರಮದಲ್ಲಿ ಬರಲಿ. ಕೊನೆಗೆ ಕ್ಯಾಮೆರಾದ ಹಳೇ ನಂಬರ್ ಉಳಿಸಿಕೊಳ್ಳಿ, ಒಂದೇ ಸೆಕೆಂಡಿನಲ್ಲಿ ತೆಗೆದವು ಡಿಕ್ಕಿ ಹೊಡೆಯಲ್ಲ.

ಅದಕ್ಕೂ ಮೊದಲು ಎರಡೂ ಕ್ಯಾಮೆರಾದಲ್ಲಿ ಒಂದೇ ಗಳಿಗೆಯ ಒಂದೊಂದು ಫೋಟೊ ಹುಡುಕಿ ಹೊತ್ತು ಹೋಲಿಸಿ. ಗಡಿಯಾರಗಳಿಗೆ ವ್ಯತ್ಯಾಸ ಇದ್ದರೆ ಅಷ್ಟು ನಿಮಿಷ ಕೂಡಿಸುವುದು, ಕಳೆಯುವುದು ಇದೇ ಪ್ರೋಗ್ರಾಂನಲ್ಲಿ ಆಗುತ್ತೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಬಂದವನ್ನು ಬೇರೆ ಫೋಲ್ಡರ್‌ಗೆ ಹಾಕಿ, ಅವುಗಳಲ್ಲಿ ಈ ಹೊತ್ತು ಉಳಿದಿರಲ್ಲ.