ಡೀಮನ್ ಸ್ಲೇಯರ್: ಅಷ್ಟು ಮಕ್ಕಳನ್ನ ತಿಂದ ರಾಕ್ಷಸನ ಕೈಯನ್ನ ತಾಂಜಿರೊ ಯಾಕೆ ಹಿಡ್ಕೋತಾನೆ?

ಮಡಿಕೇರಿ_ಮೋಡ:
ಎಲ್ಲರಿಗೂ ನಮಸ್ಕಾರ. ಅಕ್ಕನ ಮಗ ಎಂಟನೇ ಕ್ಲಾಸು, ಮಳೆ ಅಂತ ಸ್ಕೂಲಿಗೆ ರಜೆ ಕೊಟ್ಟಿದಾರೆ, ನಮ್ಮನೇಲೇ ಇದಾನೆ, ಅವನ ಹಠಕ್ಕೆ ಡೀಮನ್ ಸ್ಲೇಯರ್ ಶುರು ಮಾಡಿದ್ವಿ. ಅನಿಮೆ, ಅಂದ್ರೆ ಈ ಜಪಾನಿನ ಕಾರ್ಟೂನ್ ಸೀರೀಸ್, ನಂಗೆ ಪೂರ್ತಿ ಹೊಸದು. ಕತೆ ಮಾತ್ರ ಹಿಡಿದು ಕೂರಿಸ್ತು. ಬೆಟ್ಟದ ಮೇಲೆ ಇದ್ದಿಲು ಸುಟ್ಟು ಮಾರೋ ಹುಡುಗ ತಾಂಜಿರೊ, ಪೇಟೆಗೆ ಹೋಗಿ ಬೆಳಿಗ್ಗೆ ವಾಪಸ್ ಬರೋಷ್ಟರಲ್ಲಿ ಮನೆಯವರೆಲ್ಲ ಹೆಣ ಆಗಿರ್ತಾರೆ, ಉಸಿರು ಉಳಿದಿರೋ ಒಬ್ಬಳೇ ತಂಗಿ ನೆಜುಕೊ ರಾಕ್ಷಸಿ ಆಗಿಬಿಟ್ಟಿರ್ತಾಳೆ, ಅವಳನ್ನ ಮತ್ತೆ ಮನುಷ್ಯಳನ್ನಾಗಿ ಮಾಡ್ಲೇಬೇಕು ಅಂತ ಇವನು ಕತ್ತಿ ಹಿಡೀತಾನೆ. ಇಲ್ಲೀವರೆಗೆ ಸರಿ.

ನನ್ನ ಪ್ರಶ್ನೆ ನಾಲ್ಕು, ಐದನೇ ಎಪಿಸೋಡ್ ಬಗ್ಗೆ. ಫೈನಲ್ ಸೆಲೆಕ್ಷನ್, ಅಂದ್ರೆ ರಾಕ್ಷಸರನ್ನ ಕೊಲ್ಲೋ ಪಡೆ ಸೇರೋಕಿರೋ ಪರೀಕ್ಷೆ, ನಡೆಯೋ ಬೆಟ್ಟದಲ್ಲಿ ಮೈತುಂಬಾ ಕೈಗಳೇ ಸುತ್ಕೊಂಡಿರೋ ಒಬ್ಬ ರಾಕ್ಷಸ ಬರ್ತಾನಲ್ಲ, ಅವನು ತಾಂಜಿರೊಗೆ ಕತ್ತಿ ಕಲಿಸಿದ ಉರೊಕೊಡಾಕಿ ಗುರುಗಳ ಶಿಷ್ಯರನ್ನ ನರಿ ಮುಖವಾಡ ನೋಡಿ ಗುರುತು ಹಿಡಿದು ಹುಡುಕಿ ಹುಡುಕಿ ತಿಂದಿರೋನು, ಸಬಿಟೊ ಮಕೊಮೊ ಇಬ್ರೂ ಅವನ ಬಾಯಿಗೇ ಹೋದೋರು. ಅಂಥವನ ತಲೆ ತೆಗೆದಾದ್ಮೇಲೆ ಬೂದಿ ಆಗ್ತಿರೋ ಅವನ ಕೈನ ತಾಂಜಿರೊ ಹಿಡ್ಕೊಂಡು, ಮುಂದಿನ ಜನ್ಮದಲ್ಲಿ ಇವನು ರಾಕ್ಷಸ ಆಗಿ ಹುಟ್ಟದೆ ಇರ್ಲಿ ಅಂತ ದೇವ್ರನ್ನ ಕೇಳ್ಕೋತಾನೆ!

ನಾವು ದಶಮಂಟಪ ನೋಡ್ಕೊಂಡೇ ಬೆಳೆದೋರು. ವಿಜಯದಶಮಿ ರಾತ್ರಿ ಮಡಿಕೇರಿ ಇಡೀ ರೋಡಲ್ಲಿ ನಿಂತಿರತ್ತೆ, ಹತ್ತು ದೇವಸ್ಥಾನದ ಮಂಟಪ, ಹೊಗೆ, ಲೈಟು, ಎದೆ ನಡುಗೋ ಸೌಂಡು, ದೇವಿ ತ್ರಿಶೂಲ ಎತ್ತಿ ಅಸುರನ್ನ ಕೆಡವಿದ ತಕ್ಷಣ ಶಿಳ್ಳೆ. ಅಸುರನಿಗೂ ಒಬ್ಬ ಅಣ್ಣ ಇದ್ದ, ಚಿಕ್ಕವನಿದ್ದಾಗ ಅಣ್ಣಾ ಕೈ ಹಿಡ್ಕೋ ಅಂತ ಅಳ್ತಿದ್ದ ಅಂತ ಅಲ್ಲಿ ಯಾರೂ ತೋರಿಸಲ್ಲ. ಇಲ್ಲಿ ತೋರಿಸ್ತಾರೆ, ನಂಗೆ ನಿಜವಾಗ್ಲೂ ಸಿಟ್ಟು ಬಂತು. ಸತ್ತ ಮಕ್ಕಳಿಗೋಸ್ಕರ ಅಳೋರು ಯಾರು ಹಾಗಾದ್ರೆ? ಮುಂದಕ್ಕೂ ಹೀಗೇನಾ? ಹುಡುಗನ್ನ ಕೇಳಿದ್ರೆ "ಮಾಮಾ ಇನ್ನೂ ನೋಡಿ" ಅಂತಾನೆ, ಅದರ ಮೇಲೆ ಒಂದು ಮಾತಿಲ್ಲ.

ಏಲಕ್ಕಿ_ಮಲೆ:
ಮುಂದಕ್ಕೂ ಹೀಗೇ. ತಲೆ ಉರುಳತ್ತೆ, ಫ್ಲ್ಯಾಶ್‌ಬ್ಯಾಕ್ ಬರತ್ತೆ, ಕಣ್ಣೀರು. ಅನಿಮೇಷನ್ ವಿಷಯದಲ್ಲಿ ಎರಡು ಮಾತಿಲ್ಲ, ಉಫೊಟೇಬಲ್ ಸ್ಟುಡಿಯೋದವರು ನೀರಿನ ಅಲೆ ಬೆಂಕಿ ಎಲ್ಲಾ ಬಿಡಿಸಿರೋದು ನೋಡೋಕೇ ಒಂದು ಖುಷಿ. ಆದ್ರೆ ಫೈಟ್ ಪೀಕ್‌ಗೆ ಹೋದಾಗ್ಲೇ ರಾಕ್ಷಸನ ಬಾಲ್ಯ ತೋರಿಸೋಕೆ ಹೋಗಿ ವೇಗ ಕೂತುಬಿಡತ್ತೆ, ಇದು ನನ್ನ ಪ್ರಾಮಾಣಿಕ ಕಂಪ್ಲೇಂಟು. 2025ರಲ್ಲಿ ಬಂದ ಇನ್ಫಿನಿಟಿ ಕ್ಯಾಸಲ್ ಸಿನಿಮಾನ ಮೈಸೂರಿಗೆ ಹೋಗಿ ನೋಡಿದೆ, ಅಲ್ಲೂ ಅದೇ ಅನ್ನಿಸ್ತು.

ಬ್ರಹ್ಮಗಿರಿ_ಕಾನು:
ಮೋಡ ಅವ್ರೇ, ನಿಮ್ಮ ಪ್ರಶ್ನೆ ಸರಿಯಾಗಿದೆ, ನನ್ನ ಪ್ರಕಾರ ಇಡೀ ಸೀರೀಸ್ ನಿಂತಿರೋದೇ ಆ ಪ್ರಶ್ನೆ ಮೇಲೆ. ಅದೇ ಸೀನ್ ಇನ್ನೊಂದ್ಸಲ ಹಾಕಿ ನೋಡಿ. ಕೈ ಹಿಡಿಯೋದು ಯಾವಾಗ? ಕತ್ತು ಕಡಿದು ಆದ್ಮೇಲೆ. ಕಡಿಯೋವಾಗ ಒಂದು ಕ್ಷಣಾನೂ ಕೈ ನಡುಗಲ್ಲ. ಆ ಪ್ರಾರ್ಥನೆ ಮುಗಿದ ತಕ್ಷಣ ಅವನು ಮಾತಾಡೋದು ಸಬಿಟೊ ಮಕೊಮೊ ಹತ್ರ, ಸತ್ತ ಮಕ್ಕಳೆಲ್ಲ ಕೊಟ್ಟ ಮಾತಿನ ಹಾಗೆ ಗುರುಗಳ ಹತ್ರ ವಾಪಸ್ ಹೋಗೇ ಹೋಗ್ತಾರೆ ಅಂತ. ಅಂದ್ರೆ ಆ ಮಕ್ಕಳನ್ನ ಮರೆತಿಲ್ಲ ಅವನು. ಎರಡು ದುಃಖಕ್ಕೂ ಅವನ ಹತ್ರ ಜಾಗ ಇದೆ.

ಇನ್ನು ಮುಂದೆ ಕ್ಯೊಗಾಯ್ ಅನ್ನೋ ರಾಕ್ಷಸ ಬರ್ತಾನೆ, ಮೈಮೇಲೇ ಡ್ರಮ್ ಇರೋನು, ಅದನ್ನ ಬಾರಿಸಿದ್ರೆ ಇಡೀ ರೂಮು ಗಿರಗಿರ ಉರುಳತ್ತೆ, ಗೋಡೆ ನೆಲ ಆಗತ್ತೆ, ನೆಲ ಚಾವಣಿ ಆಗತ್ತೆ. (ಸ್ಪಾಯ್ಲರ್ ಬೇಡ ಅನ್ನೋರು ಈ ಪ್ಯಾರಾ ಬಿಟ್ಟು ಓದಿ.) ತಾಂಜಿರೊಗೆ ಆಗ್ಲೇ ಮೂಳೆ ಮುರಿದಿದೆ, ಸರಿಯಾಗಿ ಉಸಿರು ಎಳ್ಕೊಳ್ಳೋಕೂ ಆಗ್ತಿಲ್ಲ. ರೂಮು ಉರುಳೋವಾಗ ಎಲ್ಲಿಂದಲೋ ಒಂದಷ್ಟು ಬರೆದಿರೋ ಹಾಳೆ ಹಾರಿ ಅವನ ಕಾಲ್ಬುಡಕ್ಕೇ ಬಂದು ಬೀಳತ್ತೆ. ಸಾಯೋ ಹೊತ್ತಲ್ಲೂ ಹುಡುಗ ಹಾಳೆ ಮೇಲೆ ಕಾಲಿಡದೆ ಪಕ್ಕಕ್ಕೆ ನೆಗೀತಾನೆ. ಹಾಗೆ ತಪ್ಪಿಸ್ಕೊಂಡು ಕಾಲಿಡೋವಾಗ್ಲೇ ಮುರಿದ ಮೂಳೆಗೆ ನೋವಾಗದ ಹಾಗೆ ಹೇಗೆ ಓಡಾಡ್ಬೇಕು ಅನ್ನೋದೂ ಅವನಿಗೆ ಹೊಳೆಯತ್ತೆ. ಪುಸ್ತಕಕ್ಕೆ ಕಾಲು ತಾಗಿದ್ರೆ ಮುಟ್ಟಿ ಕಣ್ಣಿಗೊತ್ಕೊಳ್ಳೋ ಮನೇಲಿ ಬೆಳೆದೋರು ನಾವು, ನಂಗೆ ಆ ಒಂದು ಹೆಜ್ಜೆ ನೋಡಿ ಮೈ ಜುಮ್ ಅಂದುಬಿಡ್ತು. ಆಮೇಲೆ ಗೊತ್ತಾಗೋದು, ಆ ಕ್ಯೊಗಾಯ್ ಮನುಷ್ಯ ಆಗಿದ್ದಾಗ ಕತೆ ಬರೀತಿದ್ದೋನು, ಅವನ ಬರಹ ಕಸ ಅಂತ ಹೇಳಿ ಅವನ ಕಣ್ಮುಂದೆನೇ ಒಬ್ಬ ಹಾಳೆಗಳನ್ನ ತುಳಿದಿದ್ದ. ಸಾಯೋವಾಗ ಕ್ಯೊಗಾಯ್ ಕೇಳ್ತಾನೆ, ನನ್ನ ವಿದ್ಯೆ ಹೇಗಿತ್ತು ಅಂತ. ತಾಂಜಿರೊ ಅದ್ಭುತವಾಗಿತ್ತು ಅಂತಾನೆ, ಅದೇ ಉಸಿರಲ್ಲಿ ನೀನು ಜನರನ್ನ ಕೊಂದಿದ್ದನ್ನ ಮಾತ್ರ ಕ್ಷಮಿಸಲ್ಲ ಅಂತಾನೆ. ನಿಮ್ಮ ಸಿಟ್ಟಿಗೆ ಉತ್ತರ ಅಲ್ಲಿದೆ ಅಂತ ನಂಗನ್ಸತ್ತೆ.

ನತಗುಮೊ ಬೆಟ್ಟದ ಜೇಡರ ಕುಟುಂಬದ ಭಾಗಕ್ಕೆ ಬಂದಾಗ ಇನ್ನೂ ಗಟ್ಟಿಯಾಗತ್ತೆ. ಅಲ್ಲಿ ತಾಯಿ ಅಂತ ಕರೆಸ್ಕೊಳ್ಳೋ ರಾಕ್ಷಸಿ ಸಾವೇ ಬಿಡುಗಡೆ ಅಂತ ತಾನೇ ಕತ್ತು ಒಡ್ತಾಳೆ, ತಾಂಜಿರೊ ಆ ಕ್ಷಣದಲ್ಲಿ ಹೊಡೆಯೋ ವರಸೆನೇ ಬದಲಾಯಿಸ್ತಾನೆ, ಶರಣಾದವರಿಗೆ ನೋವಾಗದ ಹಾಗೆ ಕಡಿಯೋಕೆ ಅಂತನೇ ಅವನು ಕಲಿತಿರೋ ವಾಟರ್ ಬ್ರೀಥಿಂಗ್ ಅನ್ನೋ ಕತ್ತಿವಿದ್ಯೆಲಿ ಐದನೇ ಫಾರ್ಮ್ ಇದೆ. ಯುದ್ಧವಿದ್ಯೆ ಒಳಗೇ ಅಂಥದ್ದೊಂದನ್ನ ಇಟ್ಟಿರೋ ಕತೆ ಇದು! ಆಮೇಲೆ ಆ ಕುಟುಂಬನ ಆಳೋ ರಾಕ್ಷಸ ರುಯಿ ಸತ್ತಾಗ, ಹಿರಿಯ ಕತ್ತಿಗಾರ ಗಿಯು ಅವನ ಬಟ್ಟೆ ಮೇಲೆ ಕಾಲಿಡ್ತಾನೆ, ತಾಂಜಿರೊ ಮಲಗಿದ್ದಲ್ಲಿಂದಲೇ ಕಾಲು ತೆಗೀರಿ ಅಂತಾನೆ. ಸತ್ತೋರ ಪರವಾಗಿ, ಇನ್ಯಾರೂ ಸಾಯದ ಹಾಗೆ ಕತ್ತು ಕಡಿಯೋಕೆ ನಾನು ಹಿಂದೆಮುಂದೆ ನೋಡಲ್ಲ, ಆದ್ರೆ ಮಾಡಿದ್ದಕ್ಕೆ ನರಳ್ತಿರೋರನ್ನ ತುಳಿಯಲ್ಲ ಅನ್ನೋ ಅರ್ಥದಲ್ಲಿ ಅವನು ಹೇಳೋದು. ಯಾಕಂದ್ರೆ ಅವನ ಬೆನ್ನ ಮೇಲಿನ ಪೆಟ್ಟಿಗೆಲಿ ಬಾಯಿಗೆ ಬಿದಿರು ಕಟ್ಕೊಂಡು ಮಲಗಿರೋ ತಂಗೀನೂ ರಾಕ್ಷಸಿನೇ ಅಲ್ವಾ. ಅವರೆಲ್ಲ ಹುಟ್ಟಾ ರಾಕ್ಷಸರು ಅಂತ ಒಪ್ಕೊಂಡ್ರೆ ನೆಜುಕೊನ ಹೊತ್ಕೊಂಡು ತಿರುಗೋದಕ್ಕೆ ಅರ್ಥನೇ ಇರಲ್ಲ.

ಏಲಕ್ಕಿ ಅವ್ರು ಎಲ್ಲಾ ಒಂದೇ ಫಾರ್ಮುಲಾ ಅನ್ನೋ ಹಾಗೆ ಹೇಳಿದ್ದು ಒಪ್ಪಲ್ಲ. 2023ರ ಸ್ವೋರ್ಡ್‌ಸ್ಮಿತ್ ವಿಲೇಜ್ ಸೀಸನ್ನಲ್ಲಿ ಹಂತೆಂಗು ಅಂತ ಬರ್ತಾನೆ, ಅವನಿಗೂ ಫ್ಲ್ಯಾಶ್‌ಬ್ಯಾಕ್ ಇದೆ, ಆದ್ರೆ ಅದರಲ್ಲಿ ಕಾಣೋದು ಏನು? ಮನುಷ್ಯ ಆಗಿದ್ದಾಗ್ಲೂ ಕುರುಡನ ವೇಷ ಹಾಕ್ಕೊಂಡು ಕದ್ದು ಕೊಂದು, ಸಿಕ್ಕಿಬಿದ್ರೆ ತಪ್ಪು ನಂದಲ್ಲ ಈ ಕೈಗಳದ್ದು ಅಂದೋನು. ಅವನಿಗೆ ಯಾವ ಕನಿಕರಾನೂ ಇಲ್ಲ ಅಲ್ಲಿ. ಎಲ್ಲಕ್ಕೂ ಮೂಲ ಆಗಿರೋ ಮುಜಾನ್‌ಗಂತೂ ಇಲ್ವೇ ಇಲ್ಲ. ಬಾಲ್ಯ ತೋರಿಸಿದ ಮಾತ್ರಕ್ಕೆ ಮಾಫಿ ಅಂತಲ್ಲ, ಒಬ್ಬೊಬ್ಬರ ಲೆಕ್ಕ ಒಂದೊಂಥರ.

ಏಲಕ್ಕಿ_ಮಲೆ:
ಹಂತೆಂಗು ಪಾಯಿಂಟ್ ಒಪ್ತೀನಿ, ಅದು ಗಟ್ಟಿ ಉದಾಹರಣೆ. ಪೇಸ್ ಬಗ್ಗೆ ನನ್ನ ಮಾತು ಮಾತ್ರ ಹಾಗೇ ಇರತ್ತೆ.

ತೋಕ್‌ಪೂ:
ಕೊಡಗಿನವರಿಗೆ ಈ ಸೀರೀಸ್ ಹತ್ರ ಅನ್ಸೋಕೆ ಇನ್ನೂ ಕಾರಣ ಇದೆ. ತಾಂಜಿರೊ ಅಪ್ಪ ತಂಜುರೊ ಕಾಯಿಲೆ ಮನುಷ್ಯ, ಆದ್ರೂ ಹೊಸವರ್ಷದ ರಾತ್ರಿ ಹಿಮದಲ್ಲಿ ಹೊತ್ತು ಮುಳುಗಿದಾಗಿಂದ ಬೆಳಕು ಹರಿಯೋವರೆಗೆ ಬೆಂಕಿ ದೇವರಿಗೆ ಕಗುರ ಕುಣೀತಾನೆ, ತಲೆತಲಾಂತರದಿಂದ ಆ ಮನೇಲಿ ನಡ್ಕೊಂಡು ಬಂದಿರೋ ಕುಣಿತ. ಕಗುರ ಅನ್ನೋದು ಜಪಾನಿನ ಶಿಂಟೊ ದೇವಸ್ಥಾನಗಳಲ್ಲಿ ನಿಜವಾಗ್ಲೂ ಇರೋ ಪದ್ಧತಿ. ನಮ್ಮ ತೆರೆ, ಅಂದ್ರೆ ದೈವ ಮೈಮೇಲೆ ಬರೋ ಕುಣಿತ, ನೋಡಿರೋರಿಗೆ ಇದನ್ನ ಯಾರೂ ವಿವರಿಸಬೇಕಾಗಿಲ್ಲ. ರಾತ್ರಿ ಪೂರ್ತಿ ಚೆಂಡೆ, ವಿಷ್ಣುಮೂರ್ತಿ ತೆರೆಯಲ್ಲಿ ಕೆಂಡದ ರಾಶಿಗೆ ಹೋಗಿ ಬೀಳೋದು, ಕಾರಣ ತೆರೆಯಲ್ಲಿ ಮನೆ ಹಿರಿಯರೇ ಬಂದು ಮಾತಾಡೋದು, ಅಷ್ಟು ಹೊತ್ತು ಆ ಭಾರದ ವೇಷದಲ್ಲಿ ಒಬ್ಬ ಮನುಷ್ಯ ಹೇಗೆ ಸುಸ್ತಾಗದೆ ನಿಲ್ತಾನೆ ಅಂತ ಚಿಕ್ಕೋರಿದ್ದಾಗ ಎಲ್ಲರೂ ಕೇಳಿರ್ತೀವಿ. ಚಿಕ್ಕ ತಾಂಜಿರೊನೂ ಅಪ್ಪನ ಬಗ್ಗೆ ಅದನ್ನೇ ಯೋಚಿಸೋದು, ಸರಿಯಾಗಿ ಉಸಿರಾಡೋದು ಗೊತ್ತಿದ್ರೆ ಎಷ್ಟು ಹೊತ್ತು ಬೇಕಾದ್ರೂ ಕುಣೀಬಹುದು ಅಂತ ಅಪ್ಪ ಹೇಳಿರ್ತಾನೆ. 19ನೇ ಎಪಿಸೋಡಲ್ಲಿ ರುಯಿ ಎದುರು ಕತ್ತಿ ಮುರಿದು ನಿಂತಾಗ ಅವನಿಗೆ ನೆನಪಾಗೋದು ಆ ಕುಣಿತ. ಗುರು ಕಲಿಸಿದ್ದು ಸಾಲದೆ ಹೋದಾಗ ಅಪ್ಪನ ಮನೆಯದ್ದು ಕೈ ಹಿಡಿಯತ್ತೆ. 19 ನೋಡೋ ದಿನ ಫೋನ್ ಎಲ್ಲ ಆಚೆ ಇಟ್ಬಿಡಿ ದಯವಿಟ್ಟು.

ಮತ್ತೆ ಕತ್ತಿ ವಿಷಯ. ಕತೆ ನಡೆಯೋದು ತೈಶೋ ಕಾಲದಲ್ಲಿ, 1912ರಿಂದ 1926, ಆಗ್ಲೇ ರೈಲು ಕರೆಂಟು ಎಲ್ಲ ಬಂದಿತ್ತು, ಕತ್ತಿ ಕಟ್ಕೊಂಡು ತಿರುಗೋದನ್ನ ಜಪಾನ್ ಸರ್ಕಾರ 1876ರಲ್ಲೇ ನಿಷೇಧ ಮಾಡಿತ್ತು. ಹಂಗಾಗೇ ರೈಲ್ವೆ ಸ್ಟೇಷನಲ್ಲಿ ಈ ಹುಡುಗ್ರು ಪೊಲೀಸ್ ನೋಡಿ ಓಡೋದು. ನಮ್ಮ ಆಯುಧಪೂಜೆ ಹಬ್ಬ ಕೈಲ್‌ಪೋಳ್ದ್ ದಿನ ಕೋವಿ ಒಡಿಕತ್ತಿ ಪೀಚೆಕತ್ತಿ ಎಲ್ಲಾ ದೇವರ ಕೋಣೆ ಕನ್ನಿಕೋಂಬರೆಯಲ್ಲಿ ಇಟ್ಟು ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜೆ ಮಾಡೋ ನಮಗೆ, ಕೋವಿಗೆ ಲೈಸೆನ್ಸ್ ವಿನಾಯಿತಿ ಇರೋ ನಮಗೆ, ಆಯುಧನ ಬಟ್ಟೆ ಒಳಗೆ ಮುಚ್ಚಿಟ್ಕೊಂಡು ಜನರನ್ನ ಕಾಯೋ ಅವರ ಸ್ಥಿತಿ ನೋಡಿ ಹೊಟ್ಟೆ ಉರಿಯತ್ತೆ. ಊರು ಅವರನ್ನ ಕಾಯಲ್ಲ, ಅವರು ಊರನ್ನ ಕಾಯ್ತಾರೆ, ಯಾರಿಗೂ ಗೊತ್ತೂ ಇರಲ್ಲ.

ಕುಶಾಲನಗರ_ಕಡೆಯವ:
ನೋಡೋ ಆರ್ಡರ್ ಹೇಳ್ತೀನಿ, ಹೊಸಬರು ಇಲ್ಲೇ ಗೊಂದಲ ಮಾಡ್ಕೊಳ್ಳೋದು. 2019ರ ಮೊದಲ ಸೀಸನ್ 26 ಎಪಿಸೋಡ್. ಆಮೇಲೆ ಮುಗೆನ್ ಟ್ರೇನ್, ಇದು 2020ರಲ್ಲಿ ಸಿನಿಮಾ ಆಗಿ ಬಂತು, 2021ರಲ್ಲಿ ಅದನ್ನೇ 7 ಎಪಿಸೋಡ್ ಮಾಡಿ ಟೀವಿಗೂ ಹಾಕಿದ್ರು, ಯಾವುದಾದ್ರೂ ಒಂದು ಸಾಕು, ಆದ್ರೆ ಬಿಟ್ಟು ಮುಂದೆ ಮಾತ್ರ ಹೋಗ್ಬೇಡಿ, ತುಂಬಾ ಜನ ಸಿನಿಮಾ ತಾನೆ ಅಂತ ಬಿಟ್ಟು ಆಮೇಲೆ ರೆಂಗೊಕು ಯಾರು ಅಂತ ಕೇಳ್ತಾರೆ. ನಾನು ಸಿನಿಮಾ ನೋಡಿ ಅಂತೀನಿ, ಟೀವಿ ವರ್ಷನ್ನಿನ ಮೊದಲ ಎಪಿಸೋಡ್ ಮಾತ್ರ ಹೊಸದು, ಅದನ್ನ ಸೇರಿಸ್ಕೊಳ್ಳಿ. ಅದಾದ್ಮೇಲೆ ಎಂಟರ್‌ಟೈನ್‌ಮೆಂಟ್ ಡಿಸ್ಟ್ರಿಕ್ಟ್, ಸ್ವೋರ್ಡ್‌ಸ್ಮಿತ್ ವಿಲೇಜ್, 2024ರ ಹಶಿರಾ ಟ್ರೈನಿಂಗ್, ಕೊನೆಗೆ ಇನ್ಫಿನಿಟಿ ಕ್ಯಾಸಲ್ ಮೊದಲ ಸಿನಿಮಾ, ಒಟ್ಟು ಮೂರು ಸಿನಿಮಾ ಪ್ಲಾನು. ಕೊಯೊಹಾರು ಗೊಟೊಗೆ ಬರೆದ ಮೂಲ ಮಾಂಗಾ (ಜಪಾನಿ ಕಾಮಿಕ್ಸ್) 2020ರಲ್ಲೇ ಮುಗಿದಿದೆ, 23 ಸಂಪುಟ, ಹಾಗಾಗಿ ಕಾಮೆಂಟ್ ಓದೋವಾಗ ಸ್ಪಾಯ್ಲರ್ ಹುಷಾರು.

ಹಿಂದಿ ತಮಿಳು ತೆಲುಗಲ್ಲಿ ಡಬ್ ಬರತ್ತೆ, ಕನ್ನಡದಲ್ಲಿ ಯಾಕಿಲ್ಲ ಅನ್ನೋದು ನಂಗೆ ನಿಜವಾದ ನೋವು. ಎಂಟನೇ ಕ್ಲಾಸ್ ಹುಡುಗ ಸಬ್‌ಟೈಟಲ್ ಓದ್ಕೊಂಡು ನೋಡ್ತಾನೆ, ಮನೇಲಿರೋ ಅಜ್ಜಿ ಹೇಗೆ ನೋಡ್ಬೇಕು? ತೋಕ್‌ಪೂ ಅವ್ರು ಹೇಳಿದ ಆ ಕುಣಿತದ ಸೀನ್ ನಮ್ಮ ಹಿರಿಯರಿಗೆ ಎಲ್ಲರಿಗಿಂತ ಬೇಗ ಅರ್ಥ ಆಗತ್ತೆ.

ಮಡಿಕೇರಿ_ಮೋಡ:
ಎಲ್ಲರಿಗೂ ಥ್ಯಾಂಕ್ಸ್. ಬ್ರಹ್ಮಗಿರಿ ಅವ್ರ ರಿಪ್ಲೈ ಹುಡುಗನಿಗೂ ಓದಿಸಿದೆ, ಹಾಳೆ ಪ್ಯಾರಾ ಬಿಟ್ಟು. ಐದನೇ ಎಪಿಸೋಡ್ ಮತ್ತೆ ಹಾಕಿ ನೋಡಿದ್ವಿ, ಗುರು ಅಷ್ಟು ದೊಡ್ಡ ಮನುಷ್ಯ ಮುಖವಾಡದ ಒಳಗೇ ಅಳ್ತಾ ಅವನನ್ನ ತಬ್ಕೊಳ್ಳೋದು ನೋಡಿದ್ರೆ ಸತ್ತ ಮಕ್ಕಳಿಗೋಸ್ಕರ ಅಳೋರು ಯಾರು ಅನ್ನೋದಕ್ಕೆ ಅಲ್ಲೇ ಇದೆ ಉತ್ತರ. ಆದ್ರೂ ಆ ಕೈ ರಾಕ್ಷಸನ್ನ ನಾನು ತಾಂಜಿರೊ ಥರ ನೋಡೋಕಾಗಲ್ಲ, ಅಷ್ಟು ದೊಡ್ಡ ಮನಸ್ಸು ಬೇಕು ಅದಕ್ಕೆ. ಇನ್ನೊಂದು, ಇದನ್ನ ಪೂರ್ತಿ ಹುಡುಗನ ಜೊತೆ ನೋಡಬಹುದಾ? ರಕ್ತ ಜಾಸ್ತಿ ಇದೆ, ಅಕ್ಕ ಕೇಳಿದ್ರೆ ಏನು ಹೇಳ್ಲಿ?

ಬ್ರಹ್ಮಗಿರಿ_ಕಾನು:
ಮೊದಲ ಸೀಸನ್ ಜೊತೆಗೆ ಕೂತು ನೋಡಿ, ತೊಂದ್ರೆ ಇಲ್ಲ. ಮುಗೆನ್ ಟ್ರೇನ್‌ಗೆ ಜಪಾನಲ್ಲೇ ಪಿಜಿ12 ಕೊಟ್ಟಿದ್ರು, ಅಂದ್ರೆ 12ರ ಕೆಳಗಿನವರ ಜೊತೆ ದೊಡ್ಡೋರು ಇರ್ಲಿ ಅಂತ. ಕನಸಿಂದ ಎದ್ದೇಳೋಕೆ ತಾಂಜಿರೊ ಏನು ಮಾಡ್ಕೋತಾನೆ ಅನ್ನೋ ಒಂದು ಭಾಗ ಇದೆ, ಅದು ಮಕ್ಕಳಿಗೆ ಭಾರ, ಅಲ್ಲಿ ನಿಲ್ಲಿಸಿ ಮಾತಾಡಿ. ಎಂಟರ್‌ಟೈನ್‌ಮೆಂಟ್ ಡಿಸ್ಟ್ರಿಕ್ಟ್ ನಡೆಯೋದು ಯೋಶಿವಾರದಲ್ಲಿ, ಹೆಣ್ಮಕ್ಕಳನ್ನ ಮಾರ್ತಿದ್ದ ಜಾಗ ಅದು, ಅದನ್ನ ನೀವು ಮೊದಲು ಒಬ್ಬರೇ ನೋಡಿ ಆಮೇಲೆ ತೀರ್ಮಾನ ಮಾಡಿ. ಅಕ್ಕನಿಗೂ ಅದನ್ನೇ ಹೇಳಿ. ಆದ್ರೆ ಆ ಸೀಸನ್ನಿನ ರಾಕ್ಷಸರೂ ಅಣ್ಣ ತಂಗಿನೇ, ತಾಂಜಿರೊ ನೆಜುಕೊ ಎದುರಿಗೆ ಅವರನ್ನ ನಿಲ್ಲಿಸಿರೋ ರೀತಿ ಇದೆಯಲ್ಲ, ನೋಡಾದ್ಮೇಲೆ ಇಲ್ಲಿಗೇ ಬಂದು ಬರೀರಿ, ನಿಮ್ಮ ಸಿಟ್ಟು ಆಗ್ಲೂ ಹಾಗೇ ಇದ್ರೆ ಮತ್ತೆ ಮಾತಾಡೋಣ.