ಹಳಗನ್ನಡ, ನಡುಗನ್ನಡ ಬೋಧಿಸುವವರ ಬೇಸಿಗೆ ಶಿಬಿರ ಹೇಗಿರಬೇಕು?

ಪ್ರಶ್ನೆ: ದಾವಣಗೆರೆಯ ಕಾಲೇಜುಗಳಲ್ಲಿ ಪ್ರಾಚೀನ ಕಾವ್ಯವನ್ನು ಬೋಧಿಸುವ ನಾವು ಕೆಲವರು ಮೇ ತಿಂಗಳಲ್ಲಿ ಮೂರು ದಿನ ಜೊತೆಗೂಡಿ ಓದಬೇಕೆಂದಿದ್ದೇವೆ. ಬರೀ ಉಪನ್ಯಾಸಗಳಲ್ಲಿಯೇ ಕಾಲ ಕಳೆಯದಂತೆ ಶಿಬಿರವನ್ನು ಹೇಗೆ ರೂಪಿಸಬಹುದು?

ಉತ್ತರ 1: ಒಂದೇ ಕಾವ್ಯಭಾಗವನ್ನು ಆರಿಸಿಕೊಂಡು ಗಟ್ಟಿಯಾಗಿ ಓದಿ. ಭಾಮಿನಿ ಷಟ್ಪದಿಯ ಮೊದಲೆರಡು ಸಾಲುಗಳಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ಗಣಗಳು ಬರುತ್ತವೆಂದು ಹಲಗೆಯ ಮೇಲೆ ಪ್ರಸ್ತಾರ ಹಾಕಿದರೆ ಸಾಲದು. ಮೂರನೆಯ ಸಾಲು ನೀಳವಾಗಿ ಸಾಗಿ ಕೊನೆಯ ಗುರುವಿನಲ್ಲಿ ನಿಲ್ಲುವುದನ್ನು ಗಮಕಿಗಳ ಕಂಠದಲ್ಲಿ ಕೇಳಿದ ಅಧ್ಯಾಪಕರು ತರಗತಿಯಲ್ಲಿಯೂ ಪದ್ಯವನ್ನು ಬೇರೆಯೇ ರೀತಿಯಲ್ಲಿ ಓದುತ್ತಾರೆ. ಇದು ನನ್ನ ದೃಢವಾದ ನಂಬಿಕೆ.

ಉತ್ತರ 2: ಒಂದು ದಿನ ಬಿಸಿಲೇರುವ ಮೊದಲೇ ಹರಿಹರಕ್ಕೆ ಹೋಗಿ. ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಶಾಸನಗಳನ್ನು ಕಲ್ಲಿನ ಮೇಲೆಯೇ ನೋಡಬಹುದು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಮೊದಲ ದಿನವನ್ನು ಪೂರ್ತಿಯಾಗಿ ವಾಚನಕ್ಕೆ ಮೀಸಲಿಡುತ್ತೇವೆ.